ಎರಡು ಡ್ರೈವ್‌ನ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 22: ಇನ್‌ಸ್ಟಾಲರ್ ಚೆನ್ನಾಗಿದೆ, ಬೂಟ್‌ಲೋಡರ್ ವಿಷಯದಲ್ಲಿ ನಂಬಬೇಡಿ

ಒಂದು ಡ್ರೈವ್‌ನಲ್ಲಿ ವಿಂಡೋಸ್, ಇನ್ನೊಂದು ಖಾಲಿ. ಆ ಖಾಲಿ ಡ್ರೈವ್‌ಗೆ ಮಿಂಟ್ (ವಿಂಡೋಸ್‌ನಂತೆಯೇ ಒಂದು ಆಪರೇಟಿಂಗ್ ಸಿಸ್ಟಂ) ಹಾಕುವುದು ಬಹುಪಾಲು ಸಲೀಸು. 4 ಜಿಬಿ ಪೆನ್‌ಡ್ರೈವ್ ಸಾಕು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಪರೀಕ್ಷಿಸಿಕೊಂಡೇ ಮುಂದುವರಿಯಬಹುದು. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳೂ ಕಡಿಮೆ.

ಎಡವುವುದು ಬೂಟ್‌ಲೋಡರ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆದಾಗ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂನಲ್ಲಿ. ಪಾರ್ಟಿಷನ್‌ಗಳನ್ನು ನಾವೇ ಮಾಡಿಕೊಳ್ಳುವ 'ಸಮ್‌ಥಿಂಗ್ ಎಲ್ಸ್' ಆರಿಸಿದರೆ ಪರದೆಯ ಕೆಳಗೆ ಬೂಟ್‌ಲೋಡರ್ ಯಾವ ಡ್ರೈವ್‌ಗೆ ಹೋಗಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಅಲ್ಲಿ ಎರಡನೇ ಡ್ರೈವ್ ಕೊಟ್ಟರೂ, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಲ್ಯಾಪ್‌ಟಾಪಿನಲ್ಲಿ ಮಿಂಟ್ 22 ಬಳಸುವ ಯುಬಿಕ್ವಿಟಿ ಇನ್‌ಸ್ಟಾಲರ್ ತನಗೆ ಮೊದಲು ಕಂಡ ಇಎಫ್‌ಐ ಪಾರ್ಟಿಷನ್‌ಗೇ (ಬೂಟ್‌ಲೋಡರ್ ಇರುವ ಸಣ್ಣ ಭಾಗ) ಮಿಂಟ್‌ನ ಬೂಟ್‌ಲೋಡರ್ ಆದ ಗ್ರಬ್ ಬರೆಯುತ್ತದೆ. ಅದು ಸಾಮಾನ್ಯವಾಗಿ ವಿಂಡೋಸ್‌ನದು. ಎಚ್ಚರಿಕೆ ಬರುವುದಿಲ್ಲ, ಬೂಟ್ ಕೂಡ ಆಗುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಮುಂದೊಂದು ದಿನ ವಿಂಡೋಸ್ ಡ್ರೈವ್ ಕೆಟ್ಟರೆ, ಬಿಚ್ಚಿದರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಮಿಂಟ್ ಏಳುವುದೇ ಇಲ್ಲ. ಎರಡು ಡ್ರೈವ್ ಇದ್ದೂ ಪ್ರಯೋಜನವಿಲ್ಲದ ಹಾಗೆ.

ಇದನ್ನು ತಪ್ಪಿಸಲು, ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಮಾಡುವಾಗ ತೆರೆಯುವ ಸೆಟ್ಟಿಂಗ್ಸ್) ವಿಂಡೋಸ್ ಡ್ರೈವ್ ಆಫ್ ಮಾಡಲು ಅವಕಾಶವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಸ್ಕ್ರೂ ಬಿಚ್ಚಿ ಡ್ರೈವನ್ನೇ ತೆಗೆದಿಡಬಹುದು. ಎರಡೂ ಬೇಡವೆಂದರೆ ಲೈವ್ ಸೆಷನ್‌ನಲ್ಲೇ ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ಆಪ್ ತೆರೆದು, ವಿಂಡೋಸ್ ಡ್ರೈವ್‌ನ ಫ್ಯಾಟ್32 ಇಎಫ್‌ಐ ಪಾರ್ಟಿಷನ್ (ಹೆಚ್ಚಾಗಿ 100 ಎಂಬಿ) ಮೇಲೆ ರೈಟ್ ಕ್ಲಿಕ್ ಮಾಡಿ, 'ಮ್ಯಾನೇಜ್ ಫ್ಲಾಗ್ಸ್'ನಲ್ಲಿ 'ಬೂಟ್', 'ಇಎಸ್‌ಪಿ' ಟಿಕ್ ತೆಗೆಯಿರಿ. ಒಳಗಿನ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಖಾಲಿ ಡ್ರೈವ್‌ನಲ್ಲಿ ಜಿಪಿಟಿ ಮಾದರಿಯ ಪಾರ್ಟಿಷನ್ ಟೇಬಲ್ ಮಾಡಿ, 512 ಎಂಬಿ ಇಎಫ್‌ಐ ಪಾರ್ಟಿಷನ್ ಕೊಟ್ಟು, ಉಳಿದದ್ದನ್ನೆಲ್ಲ ಇಎಕ್ಸ್‌ಟಿ4 ರೂಟ್ ('/', ಮಿಂಟ್ ಕೂರುವ ಜಾಗ) ಆಗಿ ಬಿಡಿ. ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಜಾಗ) ಪಾರ್ಟಿಷನ್ ಬೇಡ, ಸ್ವಾಪ್ ಫೈಲನ್ನು ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ.

ಇನ್‌ಸ್ಟಾಲ್ ಮುಗಿದಾಗ ರೀಸ್ಟಾರ್ಟ್ ಒತ್ತಬೇಡಿ. 'ಕಂಟಿನ್ಯೂ ಟೆಸ್ಟಿಂಗ್' ಆರಿಸಿ, ತೆಗೆದ ಟಿಕ್ ವಾಪಸ್ ಹಾಕಿ, ನಂತರ ರೀಸ್ಟಾರ್ಟ್ ಮಾಡಿ. ಮೊದಲ ಬಾರಿ ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ: ಇನ್‌ಸ್ಟಾಲ್ ಆಗುವಾಗ ಆ ಪಾರ್ಟಿಷನ್ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಮಿಂಟ್‌ನ ಟರ್ಮಿನಲ್‌ನಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' (sudo update-grub) ಓಡಿಸಿ. ಗ್ರಬ್ ನಿಜಕ್ಕೂ ಎಲ್ಲಿ ಕೂತಿದೆ ಎಂದು 'ಡಿಸ್ಕ್ಸ್' ಆಪ್‌ನಲ್ಲಿ ನೋಡಿ. '/ಬೂಟ್/ಇಎಫ್‌ಐ' (/boot/efi) ಎಂದು ಮೌಂಟ್ ಆಗಿರುವ ಪಾರ್ಟಿಷನ್ ಎರಡನೇ ಡ್ರೈವ್‌ನದೇ ಆಗಿರಬೇಕು.

ಆರಂಭಕ್ಕೂ ಮುಂಚಿನ ಕೆಲಸಗಳಲ್ಲಿ ಮುಖ್ಯವಾದದ್ದು ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಎನ್‌ಕ್ರಿಪ್ಷನ್) ರಿಕವರಿ ಕೀ. 48 ಅಂಕಿಗಳ ಆ ಕೀ ಲ್ಯಾಪ್‌ಟಾಪಿನ ಹೊರಗೆ ಎಲ್ಲಾದರೂ ಬರೆದಿಟ್ಟುಕೊಂಡಿರಲೇಬೇಕು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಪ್ರೋಗ್ರಾಂಗಳನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ) ಬದಲಿಸಿದರೂ ವಿಂಡೋಸ್ ಅದನ್ನು ಕೇಳಬಹುದು. ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್ ಹಾಕಬಹುದು. ಮಲ್ಟಿಮೀಡಿಯಾ ಕೋಡೆಕ್ ಟಿಕ್ ಮಾಡಿದಾಗ ಪಾಸ್‌ವರ್ಡ್ ಕೇಳಿದರೆ ನೆನಪಿಟ್ಟುಕೊಳ್ಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದನ್ನೇ ಕೊಡಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲವಾದರೆ ಮಿಂಟ್‌ನಿಂದ ಅದರ ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗೆ ಬರೆಯಲಾಗುವುದಿಲ್ಲ. ಪೆನ್‌ಡ್ರೈವ್ ಬೂಟ್ ಮಾಡುವಾಗ 'ಯುಇಎಫ್‌ಐ' ಎಂದು ಶುರುವಾಗುವ ಸಾಲನ್ನೇ ಆರಿಸಿ.

ಇನ್‌ಸ್ಟಾಲರ್‌ಗೆ ಡ್ರೈವ್ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಮೋಡ್‌ನಲ್ಲಿದೆಯೇ ನೋಡಿ. ಹಾಗಿದ್ದರೆ ಎಎಚ್‌ಸಿಐ ಮೋಡ್‌ಗೆ ಬದಲಿಸಬೇಕು, ಆದರೆ ಏಕಾಏಕಿ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಮೊದಲು ವಿಂಡೋಸ್‌ನ 'ಎಂಎಸ್‌ಕಾನ್ಫಿಗ್'ನಲ್ಲಿ ಸೇಫ್ ಬೂಟ್ ಹಾಕಿ, ಆಮೇಲೆ ಬಯಾಸ್ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಸೇಫ್ ಬೂಟ್ ತೆಗೆಯಿರಿ.

'ಇರೇಸ್ ಡಿಸ್ಕ್' ಆಯ್ಕೆ ನಮ್ಮ ದೃಷ್ಟಿಯಲ್ಲಿ ವಿಂಡೋಸ್ ಡ್ರೈವನ್ನು ಹೊರಗೆ ತೆಗೆದಿಟ್ಟವರಿಗೆ ಮಾತ್ರ. ಎರಡೂ ಡ್ರೈವ್ ಒಳಗಿದ್ದಾಗ ಒಂದು ತಪ್ಪು ಆಯ್ಕೆ ವಿಂಡೋಸನ್ನೇ ಅಳಿಸಿಬಿಡುತ್ತದೆ. ಡ್ರೈವ್‌ನ ಹೆಸರಿಗಿಂತ ಮಾಡೆಲ್ ಮತ್ತು ಗಾತ್ರ ನೋಡಿ ಗುರುತಿಸಿ.

ಬೂಟ್ ಮೆನುವಿನಲ್ಲಿ ಹೊಸ ಸಾಲು 'ಉಬುಂಟು' ಎಂದು ಬರುತ್ತದೆ, ಅದೇ ಮಿಂಟ್. ಹೀಗೆ ಬೇರ್ಪಡಿಸಿ ಹಾಕಿದ ಮಿಂಟ್ ಮುಂದೆ ಬೇಡವೆನಿಸಿದರೆ ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು ಎರಡನೇ ಡ್ರೈವ್ ಒರೆಸಿದರಾಯಿತು, ವಿಂಡೋಸ್ ರಿಪೇರಿಗೆ ಕೂರಬೇಕಿಲ್ಲ.