ಕರೆಂಟು ಬಂದ ಮೇಲೆ ವಿಂಡೋ ಜೋಡಿಸೋ ಕೆಲಸ ತಪ್ಪಿಸಿದ ಐ3

ಮಂಡ್ಯದಲ್ಲಿ ಯುಪಿಎಸ್ ಇಲ್ಲದೆ ಹಳೇ ಡೆಸ್ಕ್‌ಟಾಪ್ ಓಡಿಸೋರಿಗೆ, ಕರೆಂಟು ಹೋಗಿ ಬಂದಾಗ ಮಷೀನು ಆನ್ ಮಾಡೋದು ಕಷ್ಟವಲ್ಲ. ವಿಂಡೋಗಳನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಕೂರಿಸೋದೇ ಬೇಜಾರು. ಲಿನಕ್ಸ್‌ನಲ್ಲಿ ವಿಂಡೋಗಳನ್ನು ತಾನೇ ಪಕ್ಕಪಕ್ಕ ಜೋಡಿಸೋ ಐ3 ಅನ್ನೋ ವಿಂಡೋ ಮ್ಯಾನೇಜರ್ ನನಗೆ ಹಿಡಿಸಿರೋದು ಇದಕ್ಕೇ. ಲಾಗಿನ್ ಆಗಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಎಡಕ್ಕೆ ಬ್ರೌಸರು, ಬಲಕ್ಕೆ ಒಂದರ ಕೆಳಗೊಂದು ಎರಡು ಟರ್ಮಿನಲ್, ಎರಡನೇ ವರ್ಕ್‌ಸ್ಪೇಸಿನಲ್ಲಿ (ಇನ್ನೊಂದು ಪರದೆ ಇದ್ದ ಹಾಗೆ) ಲಿಬ್ರೆಆಫೀಸ್. ಮೌಸ್ ಮುಟ್ಟೋ ಅಗತ್ಯವೇ ಇಲ್ಲ.

ಯಾವ ಪ್ರೋಗ್ರಾಮು ಯಾವ ವರ್ಕ್‌ಸ್ಪೇಸಿಗೆ ಅನ್ನೋದಷ್ಟೇ ಬೇಕಿದ್ದರೆ ಐ3ಯ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ ಒಂದು ಅಸೈನ್ ಸಾಲು ಸಾಕು. ಅದರಲ್ಲಿ ಪ್ರೋಗ್ರಾಮನ್ನು ಅದರ ಕ್ಲಾಸ್ ಹೆಸರಿನಿಂದ ಗುರುತಿಸಬೇಕು. ಎಕ್ಸ್‌ಪ್ರಾಪ್ ಅನ್ನೋ, ವಿಂಡೋ ವಿವರ ತೋರಿಸೋ ಕಮಾಂಡ್ ಓಡಿಸಿ ವಿಂಡೋ ಮೇಲೆ ಕ್ಲಿಕ್ ಮಾಡಿದರೆ ಡಬ್ಲ್ಯುಎಂ_ಕ್ಲಾಸ್ ಎದುರು ಎರಡು ಹೆಸರು ಬರುತ್ತೆ. ಮೊದಲನೆಯದು ಇನ್‌ಸ್ಟೆನ್ಸ್, ಎರಡನೆಯದು ಕ್ಲಾಸ್. ವಿಂಡೋ ತೆರೆದ ಮೇಲೆ ತಡವಾಗಿ ಕ್ಲಾಸ್ ತಿಳಿಸೋ ಪ್ರೋಗ್ರಾಮುಗಳಿಗೆ ಮಾತ್ರ ಅಸೈನ್ ನಾಟೋದಿಲ್ಲ, ಫಾರ್_ವಿಂಡೋ ಅನ್ನೋ ಇನ್ನೊಂದು ಕಾನ್ಫಿಗ್ ಸಾಲು ಬರೆದು ಸರಿಸಬೇಕು.

ಒಂದೇ ವರ್ಕ್‌ಸ್ಪೇಸಿನೊಳಗೆ ಅಳತೆ ಸಮೇತ ಜೋಡಣೆ ಬೇಕೆಂದಾಗ ತಲೆನೋವು ಶುರು. ಐ3-ಸೇವ್-ಟ್ರೀ ಅನ್ನೋ ಕಮಾಂಡ್ ಈಗಿರೋ ಜೋಡಣೆಯನ್ನು (ಲೇಔಟ್) ಜೇಸನ್ ಅನ್ನೋ ಪಠ್ಯರೂಪದಲ್ಲಿ ಕೊಡುತ್ತೆ (ಡೆಬಿಯನ್‌ನಲ್ಲಿ ಲಿಬ್‌ಎನಿಇವೆಂಟ್-ಐ3-ಪರ್ಲ್ ಪ್ಯಾಕೇಜು ಹಾಕಿರಬೇಕು). ಆದರೆ ಯಾವ ಜಾಗ ಯಾರದು ಅಂತ ಹೇಳೋ ‘ಸ್ವಾಲೋಸ್’ ಸಾಲುಗಳನ್ನೆಲ್ಲ ಕಾಮೆಂಟ್ ಮಾಡಿಯೇ, ಅಂದರೆ ಮುಂದೆ ಎರಡು ಸ್ಲ್ಯಾಷ್ ಹಾಕಿ ಲೆಕ್ಕಕ್ಕಿಲ್ಲದ ಹಾಗೆ ಮಾಡಿಯೇ ಕೊಡುತ್ತೆ! 2014ರ 4.8 ಆವೃತ್ತಿಯಿಂದ ಇರೋ ಸೌಲಭ್ಯ, ಇವತ್ತಿಗೂ ಕೈಯಲ್ಲೇ ತಿದ್ದಬೇಕು. ಆ ಸ್ಲ್ಯಾಷ್‌ಗಳನ್ನು ಅಳಿಸಿ ಕ್ಲಾಸ್, ಇನ್‌ಸ್ಟೆನ್ಸ್ ಎರಡನ್ನೇ ಉಳಿಸಿ. ಕೊಟ್ಟ ಷರತ್ತೆಲ್ಲ ಒಟ್ಟಿಗೆ ಹೊಂದಬೇಕು. ಬ್ರೌಸರಿನ ಟೈಟಲ್ ಪೇಜು ಬದಲಾದ ಹಾಗೆಲ್ಲ ಬದಲಾಗೋದರಿಂದ ಅದನ್ನು ಸೇರಿಸಿದರೆ ಕೆಟ್ಟಿತು. ಕೊನೇ ಸಾಲಿನ ಕಾಮಾ ತೆಗೆಯದಿದ್ದರೆ ಲೇಔಟೇ ಲೋಡ್ ಆಗೋದಿಲ್ಲ. ಎರಡು ಎಕ್ಸ್‌ಟರ್ಮ್ ಟರ್ಮಿನಲ್ ಅದಲುಬದಲಾಗದಿರಲಿ ಅಂದರೆ -ನೇಮ್ ಆಯ್ಕೆಯಿಂದ ಬೇರೆ ಬೇರೆ ಇನ್‌ಸ್ಟೆನ್ಸ್ ಹೆಸರು ಕೊಡಿ.

ಷರತ್ತು ಹೊಂದದಿದ್ದರೆ, ವಿಂಡೋಗಾಗಿ ಲೇಔಟ್ ಕಾದಿಟ್ಟ ಖಾಲಿ ಚೌಕ ಹಾಗೇ ಉಳಿದು, ಪ್ರೋಗ್ರಾಮು ಪಕ್ಕದಲ್ಲಿ ಬೇರೆಯಾಗಿ ತೆರೆಯುತ್ತೆ. ಆದರೆ ಆ ಚೌಕದ ಮೇಲೇ ಅದು ಕಾಯ್ತಿರೋ ಕ್ಲಾಸ್, ಇನ್‌ಸ್ಟೆನ್ಸ್ ಬರೆದಿರುತ್ತೆ. ಎಕ್ಸ್‌ಪ್ರಾಪ್ ಪಕ್ಕ ಇಟ್ಟು ಓದಿದರೆ ತಪ್ಪು ಕಣ್ಣಿಗೆ ಬೀಳುತ್ತೆ. ಇಷ್ಟು ಯೋಚಿಸಿ ಮಾಡಿರೋದು ನೋಡಿದಾಗ ಹಿಂದಿನ ಸಿಟ್ಟು ಅರ್ಧ ಇಳಿಯುತ್ತೆ.

ಲೇಔಟ್ ತಾನಾಗಿ ಏನನ್ನೂ ತೆರೆಯೋದಿಲ್ಲ. ಸಣ್ಣ ಶೆಲ್ ಸ್ಕ್ರಿಪ್ಟಿನಲ್ಲಿ ಮೊದಲು ಐ3-ಎಂಎಸ್‌ಜಿ (ಐ3ಗೆ ಆದೇಶ ಕಳಿಸೋ ಕಮಾಂಡ್) ಮೂಲಕ ವರ್ಕ್‌ಸ್ಪೇಸ್ 1ಕ್ಕೆ ಹೋಗಿ, ಉಳಿಸಿದ ಲೇಔಟನ್ನು ಲೋಡ್ ಮಾಡೋ ಅಪೆಂಡ್_ಲೇಔಟ್ ಮಾಡಿಸಿ, ಆಮೇಲೆ ಪ್ರೋಗ್ರಾಮುಗಳನ್ನು ಶುರು ಮಾಡಿ. ಈ ಸ್ಕ್ರಿಪ್ಟನ್ನು ಕಾನ್ಫಿಗ್‌ನಿಂದ ಎಕ್ಸೆಕ್ ಅಂತಲೇ ಕರೆಯಿರಿ. ಎಕ್ಸೆಕ್_ಆಲ್ವೇಸ್ ಹಾಕಿದರೆ ಐ3 ರೀಸ್ಟಾರ್ಟ್ ಮಾಡಿದಾಗಲೆಲ್ಲ ಎಲ್ಲವೂ ಇನ್ನೊಂದು ಪ್ರತಿ ಬಂದು ಕೂರುತ್ತೆ. ಜೊತೆಗೆ --ನೋ-ಸ್ಟಾರ್ಟಪ್-ಐಡಿ ಸೇರಿಸಿ, ಇಲ್ಲದಿದ್ದರೆ ಕರ್ಸರ್ 60 ಸೆಕೆಂಡು ಗಡಿಯಾರವಾಗಿ ನಿಂತಿರುತ್ತೆ.

ವೇಲ್ಯಾಂಡ್ (ಲಿನಕ್ಸ್‌ನ ಹೊಸ ಡಿಸ್‌ಪ್ಲೇ ವ್ಯವಸ್ಥೆ) ಕಡೆ ಹೊರಟವರು ಗಮನಿಸಿ: ಅಲ್ಲಿ ಐ3ಯ ಜಾಗದಲ್ಲಿರೋ ಸ್ವೇನಲ್ಲಿ ಅಸೈನ್ ಇದೆ, ಅಪೆಂಡ್_ಲೇಔಟ್ ಇಲ್ಲ. ಅದು ಬರೋವರೆಗೂ ನಾನು ಐ3 ಬಿಡೋದಿಲ್ಲ.