ಪ್ರೋಗ್ರೆಸ್ ರಿಂಗ್‌ಗೆ ಯಾವುದು ಸರಿ: ಎಸ್‌ವಿಜಿ, ಕೋನಿಕ್ ಗ್ರೇಡಿಯಂಟ್, ಕ್ಯಾನ್ವಾಸ್?

ಪುಣೆಯ ಕನ್ನಡ ಮನೆಗಳ ಮಕ್ಕಳಿಗೆ ಭಾನುವಾರ ಕನ್ನಡ ಹೇಳಿಕೊಡುವ ಸಣ್ಣ ಬಳಗ ನಮ್ಮದು. ಕೋಥ್ರೂಡ್, ಪಿಂಪ್ರಿ, ಹಡಪ್ಸರ್ ಕಡೆಯ ಮಕ್ಕಳು ಮನೆಯಲ್ಲಿ ಪಾಠ ಓದಿ, ಫೋನಿನಲ್ಲೇ ರೆಕಾರ್ಡ್ ಮಾಡಿ, ನಮ್ಮ ವೆಬ್ ಆಪ್‌ಗೆ ಕಳಿಸುತ್ತಾರೆ. ಅದಕ್ಕೆ ಎರಡು ಪ್ರೋಗ್ರೆಸ್ ರಿಂಗ್, ಅಂದರೆ ಕೆಲಸ ಆದ ಹಾಗೆ ತುಂಬುತ್ತಾ ಹೋಗುವ ಉಂಗುರ, ಬೇಕಿತ್ತು. ಆಡಿಯೊ ಎಷ್ಟು ಅಪ್‌ಲೋಡ್ ಆಯಿತು ಅಂತ ತೋರಿಸಲು ಒಂದು, ಮಗು ಎಷ್ಟು ಪಾಠ ಮುಗಿಸಿದೆ ಅಂತ ತೋರಿಸಲು ಇನ್ನೊಂದು. ಅದೇ ಉಂಗುರವನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ, ಅಪ್ಪ-ಅಮ್ಮಂದಿರ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಓಡಿಸಿ ನೋಡಿದೆ. ನನ್ನ ಓಟು ಎಸ್‌ವಿಜಿಗೆ, ಅಂದರೆ ಗೆರೆ-ವೃತ್ತಗಳನ್ನು ಕೋಡ್‌ನಲ್ಲೇ ಬರೆದು ಮಾಡುವ ಚಿತ್ರಕ್ಕೆ.

ಎಸ್‌ವಿಜಿಯ ಉಪಾಯ ಸರಳ. ಒಂದೇ ಜಾಗದಲ್ಲಿ ಎರಡು ವೃತ್ತ. ಕೆಳಗಿನದು ಮಸುಕು, ಮೇಲಿನದು ಗಾಢ. ಮೇಲಿನ ವೃತ್ತಕ್ಕೆ ಸ್ಟ್ರೋಕ್-ಡ್ಯಾಶ್‌ಅರೇ ಕೊಟ್ಟರೆ ಗೆರೆ ತುಂಡು ತುಂಡಾಗುತ್ತದೆ. ತುಂಡಿನ ಉದ್ದವನ್ನು ಸುತ್ತಳತೆಯಷ್ಟೇ ಇಟ್ಟು, ಸ್ಟ್ರೋಕ್-ಡ್ಯಾಶ್‌ಆಫ್‌ಸೆಟ್‌ನಿಂದ ಪೂರ್ತಿ ಸರಿಸಿದರೆ ಉಂಗುರ ಖಾಲಿ. ಸೊನ್ನೆಯ ಕಡೆಗೆ ತಂದ ಹಾಗೆ ತುಂಬುತ್ತಾ ಹೋಗುತ್ತದೆ. ತ್ರಿಜ್ಯ 45 ಇದ್ದರೆ ಸುತ್ತಳತೆ ಸುಮಾರು 282.74. ಈ ಲೆಕ್ಕವೇ ಬೇಡ ಅಂದರೆ ವೃತ್ತಕ್ಕೆ ಪಾಥ್‌ಲೆಂತ್ 100 ಅಂತ ಬರೆದುಬಿಡಿ. ತ್ರಿಜ್ಯ ಎಷ್ಟೇ ಇರಲಿ, ಬ್ರೌಸರ್ ಆ ಗೆರೆಯ ಉದ್ದ 100 ಅಂತಲೇ ಎಣಿಸುತ್ತದೆ. 75 ಪರ್ಸೆಂಟ್ ತೋರಿಸಬೇಕೇ? ಆಫ್‌ಸೆಟ್ 25, ಅಷ್ಟೇ. ಅನಿಮೇಷನ್‌ಗೆ ಸಿಎಸ್‌ಎಸ್‌ನಲ್ಲಿ (ಪುಟದ ನೋಟವನ್ನು ಬರೆಯುವ ಭಾಷೆ) ಒಂದು ಸಾಲು ಟ್ರಾನ್ಸಿಷನ್ ಸಾಕು, ಬೆಲೆ ಮೆಲ್ಲಗೆ ಬದಲಾಗುತ್ತದೆ.

ಎರಡು ಕಡೆ ಗಮನ ಬೇಕು. ಎಸ್‌ವಿಜಿ ವೃತ್ತದ ಗೆರೆ ಶುರುವಾಗುವುದು ಗಡಿಯಾರದ 3 ಗಂಟೆಯ ಜಾಗದಿಂದ. ಮೇಲಿನಿಂದ ತುಂಬಬೇಕಾದರೆ ಮೈನಸ್ 90 ಡಿಗ್ರಿ ತಿರುಗಿಸಬೇಕು. ಪೂರ್ತಿ ಎಸ್‌ವಿಜಿಯನ್ನೇ ತಿರುಗಿಸಿದರೆ ಒಳಗೆ ಬರೆದ ಪರ್ಸೆಂಟ್ ಅಂಕೆಯೂ ಅಡ್ಡ ಬೀಳುತ್ತದೆ, ಹಾಗಾಗಿ ಅಂಕೆಯನ್ನು ಎಸ್‌ವಿಜಿಯ ಹೊರಗೆ ಬರೆದು ಉಂಗುರದ ನಡುವೆ ಕೂರಿಸಿ. ಇನ್ನು ಗೆರೆಯ ತುದಿಯನ್ನು ದುಂಡಗೆ ಮಾಡಿದರೆ, ಸೊನ್ನೆಯಲ್ಲೂ ಒಂದು ಚುಕ್ಕಿ ಉಳಿಯಬಹುದು. ಒಂದೂ ಪಾಠ ಓದದ ಮಗುವಿಗೆ ಏನೋ ಆಗಿದೆ ಅನ್ನಿಸಬಾರದು, ಅಲ್ವಾ? ಸೊನ್ನೆ ಇದ್ದಾಗ ಮೇಲಿನ ವೃತ್ತವನ್ನೇ ಅಡಗಿಸಿ.

ಕೋನಿಕ್ ಗ್ರೇಡಿಯಂಟ್, ಅಂದರೆ ನಡುವಿನ ಸುತ್ತ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಸಿಎಸ್‌ಎಸ್ ಹಿನ್ನೆಲೆ, ಮೊದಲ ನೋಟಕ್ಕೆ ಇನ್ನೂ ಸುಲಭ. ಒಂದೇ ಡಿವ್ (ಪುಟದ ಒಂದು ಪೆಟ್ಟಿಗೆ), ನಡುವಿನ ತೂತಿಗೆ ಒಂದು ಮಾಸ್ಕ್, ಶುರುವಾಗುವುದೂ 12 ಗಂಟೆಯ ಜಾಗದಿಂದಲೇ. ಅನಿಮೇಷನ್ ಅಂದ ಕೂಡಲೇ ತಕರಾರು. ಉಂಗುರ ಎಲ್ಲಿವರೆಗೆ ಅಂತ ಹೇಳಲು ನಾವೇ ಹೆಸರಿಟ್ಟ ಬೆಲೆಗೆ (ಕಸ್ಟಮ್ ಪ್ರಾಪರ್ಟಿ) ಸುಮ್ನೆ ಟ್ರಾನ್ಸಿಷನ್ ಹಾಕಿದರೆ ಉಂಗುರ ಮೆಲ್ಲಗೆ ತುಂಬುವುದಿಲ್ಲ, ಟಕ್ಕನೆ ಜಿಗಿಯುತ್ತದೆ. ಅದರ ಬೆಲೆ ಒಂದು ಕೋನ ಅಂತ ಬ್ರೌಸರ್‌ಗೆ ಗೊತ್ತಿರುವುದಿಲ್ಲ. ಆಟ್-ಪ್ರಾಪರ್ಟಿ ನಿಯಮ ಬರೆದು ತಿಳಿಸಬೇಕು. ಆ ಸೌಲಭ್ಯ ಕ್ರೋಮ್‌ಗೆ 2020ರಲ್ಲೇ ಬಂತು. ಸಫಾರಿಗೆ 2023ರಲ್ಲಿ, 16.4ನೇ ಆವೃತ್ತಿಗೆ. ಫೈರ್‌ಫಾಕ್ಸ್‌ಗೆ 2024ರಲ್ಲಿ. ಅಪ್‌ಡೇಟ್ ಮಾಡದ ಫೋನುಗಳೇ ಜಾಸ್ತಿ ಇರುವ ನಮ್ಮಂಥ ಕಡೆ ಇದು ಸಣ್ಣ ವಿಷಯವಲ್ಲ. ದುಂಡನೆಯ ತುದಿಯೂ ಸುಲಭಕ್ಕೆ ಸಿಗುವುದಿಲ್ಲ, ಅಂಚು ಗರಗಸದಂತೆ ಕಾಣುತ್ತದೆ.

ಕ್ಯಾನ್ವಾಸ್ ಅಂದರೆ ಜಾವಾಸ್ಕ್ರಿಪ್ಟ್‌ನಿಂದ ಚಿತ್ರ ಬಿಡಿಸುವ ಖಾಲಿ ಹಲಗೆ, ಅಲ್ಲಿ ಎಲ್ಲವನ್ನೂ ನಾವೇ ಬಿಡಿಸಬೇಕು. ಡಿವೈಸ್ ಪಿಕ್ಸೆಲ್ ರೇಷಿಯೊ (ಪರದೆಯ ಚುಕ್ಕಿಗಳು ಎಷ್ಟು ದಟ್ಟ ಅನ್ನುವ ಅಳತೆ) ನೋಡಿ ಅಳತೆ ಹೆಚ್ಚಿಸದಿದ್ದರೆ ಫೋನಿನಲ್ಲಿ ಉಂಗುರ ಮಬ್ಬಾಗುತ್ತದೆ. ಮೊದಲೇ ಮಾಡಿಟ್ಟ ಅನಿಮೇಷನ್ ಓಡಿಸುವ ಲಾಟಿ ನೋಡಲು ಬಲು ಚಂದ, ಆದರೆ ಒಂದು ಉಂಗುರಕ್ಕಾಗಿ ಇಡೀ ಲೈಬ್ರರಿ ಇಳಿಸಿಕೊಳ್ಳಬೇಕು. ನಮಗೆ ಬೇಡ.

ನಿಜವಾದ ವ್ಯತ್ಯಾಸ ಕಂಡಿದ್ದು ಫೋನಿಗೆ ಕೆಲಸ ಜಾಸ್ತಿಯಾದಾಗ. ರೆಕಾರ್ಡಿಂಗ್ ಮುಗಿದ ಮೇಲೆ ನಮ್ಮ ಆಪ್ ಆಡಿಯೊದ ಗಾತ್ರ ಇಳಿಸುತ್ತದೆ. ಆಗ ಜಾವಾಸ್ಕ್ರಿಪ್ಟ್‌ಗೆ ಬಿಡುವೇ ಇರುವುದಿಲ್ಲ. ಕ್ಯಾನ್ವಾಸ್ ಉಂಗುರ ನಿಂತಲ್ಲೇ ನಿಂತಿತು. ಎಸ್‌ವಿಜಿಯ ಡ್ಯಾಶ್‌ಆಫ್‌ಸೆಟ್ ಕೂಡ ನಿಂತಿತು, ಯಾಕಂದರೆ ಅದನ್ನೂ ಜಾವಾಸ್ಕ್ರಿಪ್ಟ್ ಓಡುವ ಅದೇ ಮುಖ್ಯ ಕೆಲಸದ ಸಾಲು (ಮೇನ್ ಥ್ರೆಡ್) ಮತ್ತೆ ಮತ್ತೆ ಬಿಡಿಸಬೇಕು. ಸಿಎಸ್‌ಎಸ್ ಟ್ರಾನ್ಸ್‌ಫಾರ್ಮ್‌ನಿಂದ ತಿರುಗುವ ಉಂಗುರ ಮಾತ್ರ ನಿಲ್ಲಲಿಲ್ಲ. ಆ ತಿರುಗಾಟವನ್ನು ನೋಡಿಕೊಳ್ಳುವುದು ಕಂಪೋಸಿಟರ್, ಅಂದರೆ ಬಿಡಿಸಿಟ್ಟ ಪದರಗಳನ್ನು ಪರದೆಗೆ ಜೋಡಿಸುವ ಬ್ರೌಸರ್‌ನ ಭಾಗ; ಅದರ ಥ್ರೆಡ್ಡೇ ಬೇರೆ. ಹಾಗಾಗಿ ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿಲ್ಲದ ಕೆಲಸಕ್ಕೆ ಅದೇ ಎಸ್‌ವಿಜಿಯಲ್ಲಿ ಕಾಲು ಭಾಗ ಮಾತ್ರ ಗೆರೆ ಇಟ್ಟು, ಸುಮ್ನೆ ತಿರುಗಿಸುತ್ತೇನೆ. ತಿರುಗಿಸುವುದು ಒಳಗಿನ ವೃತ್ತವನ್ನಲ್ಲ, ಹೊರಗಿನ ಎಸ್‌ವಿಜಿ ಎಲಿಮೆಂಟನ್ನು. ಸಾಧ್ಯವಾದರೆ ಭಾರದ ಕೆಲಸವನ್ನೇ ವೆಬ್ ವರ್ಕರ್‌ಗೆ (ಬೇರೆ ಥ್ರೆಡ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಕಳಿಸಿ, ಅದು ಎಲ್ಲಕ್ಕಿಂತ ಮೇಲು.

ಅಪ್‌ಲೋಡ್ ಶುರುವಾದ ಮೇಲೆ ಉಂಗುರ ತುಂಬಬೇಕು. ಸರ್ವರ್‌ಗೆ ಕಳಿಸಲು ಈಗ ಎಲ್ಲರೂ ಬಳಸುವ ಫೆಚ್‌ನಿಂದ ಎಷ್ಟು ಬೈಟ್ ಹೋಯಿತು ಅನ್ನುವ ಲೆಕ್ಕ ನೇರವಾಗಿ ಸಿಗುವುದಿಲ್ಲ. ಹಳೆಯ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್‌ನ ಅಪ್‌ಲೋಡ್ ಪ್ರೋಗ್ರೆಸ್ ಈವೆಂಟ್ ಅದನ್ನು ಕೊಡುತ್ತದೆ, ನಾನು ಅದನ್ನೇ ಬಳಸಿದೆ. ಟೈಮರ್ ಇಟ್ಟು ಸುಳ್ಳೇ 90ರವರೆಗೆ ಓಡಿಸಿ ಅಲ್ಲಿ ಕಾಯಿಸುವ ರೂಢಿ ಇದೆ. ಅದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಒಬ್ಬ ತಾಯಿ ಮುಂಬೈಗೆ ಹೋಗುವ ರೈಲಿನಿಂದ ಮಗನ ಓದು ಕಳಿಸುತ್ತಿದ್ದರು. ಲೋಣಾವಳ ದಾಟಿ ಘಾಟಿನ ಸುರಂಗ ಬಂದಾಗ ನೆಟ್‌ವರ್ಕ್ ಹೋಯಿತು, ಉಂಗುರ ಅರ್ಧದಲ್ಲೇ ನಿಂತಿತು. ಕೆಳಗೆ ‘ನೆಟ್‌ವರ್ಕ್ ಇಲ್ಲ, ಬಂದ ಮೇಲೆ ಮತ್ತೆ ಕಳಿಸುತ್ತೇವೆ’ ಅಂತ ಬಂತು. ಅವರು ಫೋನನ್ನು ಬ್ಯಾಗಿಗೆ ಹಾಕಿ ಕೂತರಂತೆ. ನಿಂತದ್ದನ್ನು ನಿಂತಿದೆ ಅಂತ ತೋರಿಸಿದ್ದಕ್ಕೇ ಅವರಿಗೆ ನೆಮ್ಮದಿಯಾಗಿತ್ತು.

ಕಣ್ಣು ಕಾಣದವರಿಗೆ ಉಂಗುರ ಏನೂ ಹೇಳುವುದಿಲ್ಲ. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಾಗಿ ರೋಲ್ ಪ್ರೋಗ್ರೆಸ್‌ಬಾರ್ ಅಂತ ಕೊಟ್ಟು, ಏರಿಯಾ-ವ್ಯಾಲ್ಯೂನೌ ಬದಲಿಸುತ್ತಾ ಹೋಗಬೇಕು. ಏರಿಯಾ-ವ್ಯಾಲ್ಯೂಟೆಕ್ಸ್ಟ್‌ನಲ್ಲಿ ‘12ರಲ್ಲಿ 9 ಪಾಠ ಮುಗಿದಿದೆ’ ಅಂತ ಕನ್ನಡದಲ್ಲೇ ಬರೆಯಬಹುದು. ಸುಮ್ಮನೆ ತಿರುಗುವ ಉಂಗುರಕ್ಕೆ ವ್ಯಾಲ್ಯೂನೌ ಕೊಡಬಾರದು. ಫೋನಿನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್ ನೋಡಿ ಟ್ರಾನ್ಸಿಷನ್ ತೆಗೆದುಬಿಡಿ.

ನಡುವಿನ ಅಂಕೆಯನ್ನು ನಾನು ಕನ್ನಡದಲ್ಲೇ ಇಟ್ಟೆ. ಬ್ರೌಸರ್‌ನಲ್ಲೇ ಇರುವ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ನಂಬರಿಂಗ್ ಸಿಸ್ಟಮ್ ಕನ್ನಡ ಅಂತ ಹೇಳಿದರೆ 75 ಅನ್ನುವುದು ೭೫ ಆಗುತ್ತದೆ. ಶಾಲೆಯಲ್ಲಿ ಮರಾಠಿ ಅಂಕೆ ಓದುವ ಈ ಮಕ್ಕಳಿಗೆ ೬, ೭, ೯ ಇಲ್ಲೇ ರೂಢಿಯಾಗಲಿ. ಒಂದೊಂದು ಅಂಕೆಯ ಅಗಲ ಒಂದೊಂದು ಥರ ಇದ್ದರೆ ಎಣಿಕೆ ಏರುವಾಗ ಅಕ್ಷರ ಅತ್ತಿತ್ತ ಅಲುಗುತ್ತದೆ. ಎಲ್ಲ ಅಂಕೆಗೂ ಒಂದೇ ಅಗಲ ಕೊಡುವ ಟ್ಯಾಬ್ಯುಲರ್ ನಂಬರ್ಸ್ ಸೌಲಭ್ಯ ಎಲ್ಲ ಫಾಂಟಿನಲ್ಲೂ ಇರುವುದಿಲ್ಲ, ಆದ್ದರಿಂದ ಪ್ರತಿ ಅಂಕೆಗೂ ಒಂದೇ ಅಗಲದ ಸ್ಪ್ಯಾನ್ ಕೊಟ್ಟು ನಡುವಿಗೆ ಜೋಡಿಸಿ.