ಹಲ್ಲು ಸೆಟ್‌ಗೆ ಯಾರು ಸರಿ: ದಂತವೈದ್ಯರೋ, ಟೆಕ್ನಿಷಿಯನ್ನೋ?

ಈ ಆಯ್ಕೆ ಎಲ್ಲ ಕಡೆ ಇರುವುದಿಲ್ಲ. ಭಾರತದಲ್ಲಿ ಡೆಂಟಲ್ ಮೆಕ್ಯಾನಿಕ್ (ಹಲ್ಲು ಸೆಟ್ ತಯಾರಿಸುವ ಟೆಕ್ನಿಷಿಯನ್) ಕೆಲಸ ಮಾಡಬೇಕಾದ್ದು ಲ್ಯಾಬಿನಲ್ಲಿ, ದಂತವೈದ್ಯರು ಹೇಳಿದಂತೆ. ರೋಗಿಯ ಬಾಯಿಗೆ ಕೈ ಹಾಕುವಂತಿಲ್ಲ.

ಬ್ರಿಟನ್ನಿನಲ್ಲಿ ಹಾಗಲ್ಲ. ಸಾಮಾನ್ಯ ಟೆಕ್ನಿಷಿಯನ್ ಅಲ್ಲೂ ಲ್ಯಾಬಿನವರೇ. ಆದರೆ ಹೆಚ್ಚಿನ ತರಬೇತಿ ಪಡೆದ ಕ್ಲಿನಿಕಲ್ ಡೆಂಟಲ್ ಟೆಕ್ನಿಷಿಯನ್, ಒಂದೂ ಹಲ್ಲಿಲ್ಲದವರಿಗೆ ನೇರವಾಗಿ ಪೂರ್ತಿ ಸೆಟ್ ಮಾಡಿಕೊಡಬಹುದು. ಕೆಲವು ಹಲ್ಲು ಉಳಿದಿದ್ದರೆ ಮಾತ್ರ ಮೊದಲು ದಂತವೈದ್ಯರ ಚೀಟಿ ಬೇಕು. ಕೆನಡಾದಲ್ಲಿ ಇಂಥವರನ್ನು ಡೆಂಚರಿಸ್ಟ್ ಅಂತಾರೆ, ಆಸ್ಟ್ರೇಲಿಯಾದಲ್ಲಿ ಡೆಂಟಲ್ ಪ್ರಾಸ್ಥೆಟಿಸ್ಟ್.

ಇವರ ಬಳಿ ಹೋದರೆ ದೊಡ್ಡ ಲಾಭ ಒಂದಿದೆ. ಅಚ್ಚು ತೆಗೆದವರೇ ಸೆಟ್ಟನ್ನೂ ಮಾಡಬಹುದು. ಎಲ್ಲಿ ಚುಚ್ಚುತ್ತಿದೆ ಎಂದು ನೀವು ಹೇಳಿದ್ದು ಮೂರನೆಯವರ ಮೂಲಕ ಲ್ಯಾಬಿಗೆ ಹೋಗಬೇಕಿಲ್ಲ. ಚುಚ್ಚುವ ಜಾಗವನ್ನು ಸ್ವಲ್ಪ ಉಜ್ಜಿ ಸರಿಪಡಿಸುವುದು ಬೇಗ ಮುಗಿಯುತ್ತದೆ.

ಆದರೆ ಸೆಟ್ ಸಡಿಲವಾಗಲು ಇಲ್ಲವೇ ನೋಯಲು ಸೆಟ್ಟೇ ಕಾರಣ ಅಂತೇನಿಲ್ಲ, ಅಲ್ವಾ? ದವಡೆಯ ಮೂಳೆ ಸವೆದಿರಬಹುದು. ಒಸಡಿನೊಳಗೆ ಬೇರಿನ ಚೂರು ಉಳಿದಿರಬಹುದು. ವಾಸಿಯಾಗದ ಹುಣ್ಣು ಕ್ಯಾನ್ಸರೂ ಆಗಿರಬಹುದು. ರೋಗ ಪತ್ತೆ, ಹಲ್ಲು ಕೀಳುವುದು, ಇಂಪ್ಲಾಂಟ್ (ದವಡೆ ಮೂಳೆಗೆ ಹಾಕುವ ಕೃತಕ ಬೇರು) ಕೂರಿಸುವುದು ದಂತವೈದ್ಯರ ಕೆಲಸ.

ನನ್ನ ಮಟ್ಟಿಗೆ, ಹಳೇ ಸೆಟ್ ಸವೆದು ಹೊಸದು ಬೇಕಾದವರಿಗೆ, ಒಸಡು ಚೆನ್ನಾಗಿದ್ದರೆ, ಇಂಥ ನೋಂದಾಯಿತ ಕ್ಲಿನಿಕಲ್ ಟೆಕ್ನಿಷಿಯನ್ ಇರುವ ಕಡೆ ಅವರೇ ಸಾಕು. ಮೊದಲ ಸಲದವರು, ನೋವು, ಹುಣ್ಣು, ಗಂಟು ಇರುವವರು ದಂತವೈದ್ಯರನ್ನೇ ನೋಡಿ. ನೋಂದಣಿ ಇಲ್ಲದವರು ಎಷ್ಟೇ ಕಡಿಮೆಗೆ ಮಾಡಿಕೊಟ್ಟರೂ ಬೇಡ.